ಉದ್ಯಮಶೀಲತಾ ಶಿಕ್ಷಣದ ಮೌಲ್ಯಮಾಪನ: ಕಿತ್ತೂರು ನಾಡಿನ ಕಾಲೇಜುಗಳು ಮತ್ತು ವರ್ತಕರ ಹೊಣೆ

ಪೀಠಿಕೆ

ಮಲಪ್ರಭಾ ನದಿಯ ಆಸುಪಾಸಿನ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಒಕ್ಕಲುತನವನ್ನೂ ವ್ಯಾಪಾರವನ್ನೂ ಒಟ್ಟಿಗೆ ನಂಬಿ ಬಂದ ಪ್ರದೇಶ. ಬೈಲಹೊಂಗಲದ ಪೇಟೆಗೆ ಹತ್ತಿ, ಜೋಳ, ಗೋಧಿ, ಸೋಯಾ ಅವರೆ ಬರುತ್ತವೆ. ಎಂ.ಕೆ. ಹುಬ್ಬಳ್ಳಿ ಹಾಗೂ ಮುನವಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳ ಕಾಲಕ್ಕೆ ಕುಂಕುಮ, ಭಂಡಾರ, ಬಳೆ, ಬಾಳೆಹಣ್ಣುಗಳ ವಹಿವಾಟು ಉಕ್ಕುತ್ತದೆ. ರಾಮದುರ್ಗದ ನೇಕಾರರು ಸೀರೆ ನೇಯುತ್ತಾರೆ. ಇಷ್ಟೆಲ್ಲ ಇದ್ದೂ ಈ ಪೇಟೆಗಳಲ್ಲಿ ಎರಡು ಕೊರಗುಗಳು ಒಟ್ಟಿಗೇ ಕೇಳಿಬರುತ್ತವೆ. ಓದಿದ ಮಕ್ಕಳು ಅಂಗಡಿಯ ಗಾದಿಯ ಮೇಲೆ ಕೂಡಲೊಲ್ಲರು ಎಂಬುದು ಹಿರಿಯ ವರ್ತಕರ ಕೊರಗು. ಪದವಿ ಕೈಗೆ ಬಂದರೂ ಕೆಲಸ ಸಿಗಲಿಲ್ಲ ಎಂಬುದು ಮಕ್ಕಳ ಕೊರಗು.

ಇವೆರಡಕ್ಕೂ ಪರಿಹಾರವೆಂದು ಇತ್ತೀಚಿನ ವರ್ಷಗಳಲ್ಲಿ ಸೂಚಿಸಲಾಗುತ್ತಿರುವುದು ಒಂದೇ ಮದ್ದು, ಅದು ಕಾಲೇಜುಗಳಲ್ಲಿ ಉದ್ಯಮಶೀಲತಾ ಶಿಕ್ಷಣ. ಪಾಠಕ್ರಮವಿದೆ, ಘಟಕಗಳಿವೆ, ಶಿಬಿರಗಳು ನಡೆಯುತ್ತವೆ, ಪ್ರಮಾಣಪತ್ರಗಳು ಹಂಚಿಕೆಯಾಗುತ್ತವೆ. ಆದರೆ ಈ ಶಿಕ್ಷಣದಿಂದ ಪೇಟೆಗೆ ಬಂದ ಫಲವೇನು, ಅದನ್ನು ಅಳೆಯುವವರು ಯಾರು, ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆಗಳನ್ನು ವರ್ತಕ ಸಮುದಾಯ ಇನ್ನೂ ಗಟ್ಟಿಯಾಗಿ ಕೇಳಿಲ್ಲ. ಈ ಪ್ರಶ್ನೆಗಳನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಿಕ್ಷಣ ಬೆಳೆದು ಬಂದ ದಾರಿ

ವಿದ್ಯೆಗಾಗಿ ಸಂಪತ್ತನ್ನು ತೊಡಗಿಸುವುದು ಈ ನಾಡಿಗೆ ಹೊಸದಲ್ಲ. 1906ರಲ್ಲಿ ನಿಧನರಾದ ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯ ಆದಾಯವನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಮೃತ್ಯುಪತ್ರದ ಮೂಲಕ ಮೀಸಲಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅಂದಿನ ದಾನಿಗಳ ಗುರಿ ಅಕ್ಷರಸ್ಥರನ್ನು, ಅಧಿಕಾರಿಗಳನ್ನು, ವಕೀಲರನ್ನು ರೂಪಿಸುವುದಾಗಿತ್ತು. ಕಾಲಕ್ಕೆ ಅದು ತಕ್ಕುದಾಗಿತ್ತು.

ಉದ್ಯಮಿಗಳನ್ನು ರೂಪಿಸುವ ಗುರಿ ತಡವಾಗಿ ಬಂದಿತು. ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರವು, ಅಂದರೆ ಸಿಡಾಕ್ ಸಂಸ್ಥೆಯು, 1992ರಲ್ಲಿ ಧಾರವಾಡವನ್ನು ಕೇಂದ್ರವಾಗಿಸಿಕೊಂಡು ಆರಂಭವಾಯಿತು. ಕಿತ್ತೂರಿನಿಂದ ಧಾರವಾಡಕ್ಕೆ ಒಂದು ಗಂಟೆಯ ಹಾದಿಯೂ ಇಲ್ಲವೆಂಬುದು ಇಲ್ಲಿ ಗಮನಾರ್ಹ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಿರ್ವಹಣೆ ಮತ್ತು ಉದ್ಯಮಶೀಲತೆಯ ಪತ್ರಿಕೆಯನ್ನು ಅಳವಡಿಸಿತು. 2010ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಈ ನಾಲ್ಕು ತಾಲ್ಲೂಕುಗಳ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. 2015ರ ರಾಜ್ಯದ ಸ್ಟಾರ್ಟಪ್ ನೀತಿ, 2018ರಲ್ಲಿ ಕೇಂದ್ರವು ಕಾಲೇಜುಗಳಲ್ಲಿ ಆರಂಭಿಸಿದ ನಾವೀನ್ಯ ಮಂಡಳಿಗಳು, 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಇವೆಲ್ಲವೂ ಉದ್ಯಮಶೀಲತೆ ಎಂಬ ಪದವನ್ನು ಸಣ್ಣ ಊರಿನ ಕಾಲೇಜಿನ ಸೂಚನಾ ಫಲಕದವರೆಗೂ ತಂದವು.

ಹೀಗಾಗಿ ಪಾಠ ಇಲ್ಲವೆಂಬ ದೂರಿಗೆ ಇಂದು ಆಧಾರವಿಲ್ಲ. ಪಾಠದ ಫಲವನ್ನು ಅಳೆಯುವ ಗೋಲು ಸರಿಯಾಗಿಲ್ಲವೆಂಬುದೇ ಇಂದಿನ ದೂರು.

ಈಗಿನ ಅಳತೆಗೋಲು

ಸದ್ಯ ಉದ್ಯಮಶೀಲತಾ ಶಿಕ್ಷಣವನ್ನು ಮುಖ್ಯವಾಗಿ ಮೂರು ರೀತಿಯಲ್ಲಿ ಅಳೆಯಲಾಗುತ್ತಿದೆ.

ಮೊದಲನೆಯದು ಕಾರ್ಯಕ್ರಮಗಳ ಎಣಿಕೆ. ಕಾಲೇಜುಗಳಿಗೆ ಶ್ರೇಣಿ ನೀಡುವ ನ್ಯಾಕ್ ಸಂಸ್ಥೆಯ ಪರಿಷ್ಕೃತ ಮಾನದಂಡಗಳಲ್ಲಿ, ಐದು ವರ್ಷಗಳ ಅವಧಿಯಲ್ಲಿ ಸಂಶೋಧನಾ ವಿಧಾನ, ಬೌದ್ಧಿಕ ಆಸ್ತಿ ಹಕ್ಕು ಮತ್ತು ಉದ್ಯಮಶೀಲತೆಯ ಕುರಿತು ನಡೆಸಿದ ಕಾರ್ಯಾಗಾರಗಳ ಸಂಖ್ಯೆಯೂ ಒಂದು ಅಂಶವಾಗಿತ್ತು. ಸಂಖ್ಯೆಯನ್ನು ಕೇಳಿದರೆ ಸಂಖ್ಯೆಯೇ ಬರುತ್ತದೆ. ಅತಿಥಿ ಉಪನ್ಯಾಸ, ದೀಪ ಬೆಳಗಿಸುವಿಕೆ, ಭಾವಚಿತ್ರ, ವರದಿ ಎಂಬಲ್ಲಿಗೆ ಕರ್ತವ್ಯ ಮುಗಿಯಿತೆಂದು ಭಾವಿಸಿದರೆ ಅಧ್ಯಾಪಕರನ್ನು ದೂಷಿಸಿ ಪ್ರಯೋಜನವಿಲ್ಲ. ಅವರಿಗೆ ಕೊಟ್ಟ ನಮೂನೆಯೇ ಅಂಥದು.

ಎರಡನೆಯದು ಪರೀಕ್ಷೆ. ಉದ್ಯಮಿಯ ಗುಣಲಕ್ಷಣಗಳನ್ನು ಪಟ್ಟಿ ಮಾಡಿರಿ ಎಂಬ ಪ್ರಶ್ನೆಗೆ ಹತ್ತು ಅಂಶ ಬರೆದವನು ಉತ್ತೀರ್ಣನಾಗುತ್ತಾನೆ. ಅದೇ ವಿದ್ಯಾರ್ಥಿಗೆ ಕಿರ್ದಿಯಲ್ಲಿ ಒಂದು ದಿನದ ಜಮಾ-ಖರ್ಚು ಬರೆಯಲು, ಅಥವಾ ಉದ್ರಿ ಬಾಕಿಯನ್ನು ಗಿರಾಕಿಯ ಮನಸ್ಸು ನೋಯದಂತೆ ವಸೂಲು ಮಾಡಲು ಬರುತ್ತದೆಯೇ ಎಂಬುದನ್ನು ಯಾವ ಪತ್ರಿಕೆಯೂ ಪರೀಕ್ಷಿಸುವುದಿಲ್ಲ.

ಮೂರನೆಯದು ಸಾಲದ ಮಂಜೂರಾತಿ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, 2015ರ ಮುದ್ರಾ ಯೋಜನೆ ಮೊದಲಾದವುಗಳ ಅಡಿಯಲ್ಲಿ ಎಷ್ಟು ಅರ್ಜಿಗಳು ಹೋದವು, ಎಷ್ಟಕ್ಕೆ ಸಾಲ ದೊರೆಯಿತು ಎಂಬುದನ್ನೇ ಯಶಸ್ಸಿನ ಗುರುತೆಂದು ಹೇಳುವ ರೂಢಿಯಿದೆ. ವರ್ತಕರಿಗೆ ಇದರ ದೋಷವನ್ನು ವಿವರಿಸಬೇಕಾಗಿಲ್ಲ. ಸಾಲ ಸಿಕ್ಕ ದಿನ ಉದ್ಯಮ ಹುಟ್ಟುವುದಿಲ್ಲ; ಆ ದಿನ ಹೊಣೆಯೊಂದು ಹುಟ್ಟುತ್ತದೆ. ಎರಡು ವರ್ಷಗಳ ನಂತರ ಕಂತು ಸಲ್ಲುತ್ತಿದೆಯೇ, ಬಾಗಿಲು ತೆರೆದಿದೆಯೇ ಎಂಬುದೇ ಉದ್ಯಮದ ಲಕ್ಷಣ.

ಅಧ್ಯಯನಗಳು ಹೇಳುವುದೇನು?

ಉದ್ಯಮಶೀಲತೆಯನ್ನು ಕಲಿಸಬಹುದೇ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ಆರಂಭದ ಪ್ರಯೋಗಗಳಲ್ಲಿ ಒಂದು ದಕ್ಷಿಣ ಭಾರತದ ಪಟ್ಟಣದಲ್ಲೇ ನಡೆಯಿತು. 1964-65ರ ಸುಮಾರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಅವರ ಮಾರ್ಗದರ್ಶನದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಗೆ ಕರೆಸಿ ಹತ್ತು ದಿನಗಳ ಸಾಧನಾ ಪ್ರೇರಣೆಯ ತರಬೇತಿ ನೀಡಲಾಯಿತು. ಸ್ವಂತ ಗುರಿ ಇಟ್ಟುಕೊಳ್ಳುವುದು, ಲೆಕ್ಕ ಹಾಕಿದ ಅಪಾಯವನ್ನು ಮಾತ್ರ ಎದುರಿಸುವುದು, ಫಲಿತಾಂಶವನ್ನು ತಾವೇ ಅಳೆದುಕೊಳ್ಳುವುದು ಈ ತರಬೇತಿಯ ತಿರುಳಾಗಿತ್ತು. ಅನಂತರ ಅವರ ವ್ಯವಹಾರಗಳನ್ನು ತರಬೇತಿ ಪಡೆಯದವರ ಹಾಗೂ ರಾಜಮಂಡ್ರಿಯ ವ್ಯಾಪಾರಿಗಳ ವ್ಯವಹಾರಗಳೊಂದಿಗೆ ಹೋಲಿಸಿ ನೋಡಲಾಯಿತು. ಹೊಸ ವ್ಯವಹಾರ ತೊಡಗುವುದು, ಬಂಡವಾಳ ಹೂಡುವುದು, ಕೆಲಸಗಾರರನ್ನು ನೇಮಿಸುವುದು, ಇವುಗಳಲ್ಲಿ ತರಬೇತಿ ಪಡೆದವರು ಮುಂದಿದ್ದರು. ಈ ಪ್ರಯೋಗದಿಂದ ವರ್ತಕರು ಗ್ರಹಿಸಬೇಕಾದ ಅಂಶಗಳು ಎರಡು. ತರಬೇತಿ ದೊರೆತದ್ದು ಈಗಾಗಲೇ ವ್ಯಾಪಾರದಲ್ಲಿ ತೊಡಗಿದವರಿಗೆ. ಫಲವನ್ನು ಅಳೆದದ್ದು ಕಾಲ ಕಳೆದ ಮೇಲೆ, ಬೇರೆಯವರೊಂದಿಗೆ ಹೋಲಿಸಿ.

2010ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನವೊಂದು ಎಚ್ಚರಿಕೆಯ ಪಾಠವನ್ನು ಹೇಳುತ್ತದೆ. ಅಲ್ಲಿನ ಕಾಲೇಜೊಂದರ ವಿದ್ಯಾರ್ಥಿಗಳು ಒಂದು ವರ್ಷ ಪುಟ್ಟ ಕಂಪನಿ ಕಟ್ಟಿ, ಷೇರು ಮಾರಿ, ಸರಕು ತಯಾರಿಸಿ ನಡೆಸುವ ಪಾಠಕ್ರಮವನ್ನು, ಅಂಥ ಪಾಠವಿಲ್ಲದ ಇನ್ನೊಂದು ಊರಿನ ಶಾಖೆಯೊಂದಿಗೆ ಹೋಲಿಸಲಾಯಿತು. ವಿದ್ಯಾರ್ಥಿಗಳ ಕೌಶಲದಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಉದ್ಯಮಿಯಾಗಬೇಕೆಂಬ ಇಚ್ಛೆ ಮೊದಲಿಗಿಂತ ಕಡಿಮೆಯಾಯಿತು. ಇದನ್ನು ಸೋಲೆಂದೇ ತಿಳಿಯಬೇಕಾಗಿಲ್ಲ. ಅದೇ ವರ್ಷ ಪ್ರಕಟವಾದ ಜರ್ಮನಿಯ ಮ್ಯೂನಿಕ್ ನಗರದ ಅಧ್ಯಯನವೂ ಇಚ್ಛೆಯ ಇಳಿಕೆಯನ್ನೇ ಕಂಡಿತು. ಆದರೆ ವಿದ್ಯಾರ್ಥಿಗಳು ತಮಗೆ ಈ ದಾರಿ ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಪಾಠದಿಂದ ಅರಿತುಕೊಳ್ಳುತ್ತಾರೆಂದು ಅದು ತೋರಿಸಿತು. ಒಗ್ಗದ ವ್ಯಾಪಾರಕ್ಕೆ ಇಳಿದು ಮನೆಯ ಹೊಲವನ್ನು ಒತ್ತೆ ಇಡುವುದಕ್ಕಿಂತ ತರಗತಿಯಲ್ಲೇ ಅದನ್ನು ಅರಿಯುವುದು ಲಾಭವೇ ಸರಿ.

ಮೂರನೆಯ ಅಧ್ಯಯನ ಪಶ್ಚಿಮ ಆಫ್ರಿಕದ ಟೋಗೊ ದೇಶದ್ದು. ಅಲ್ಲಿನ 1,500 ಸಣ್ಣ ವ್ಯಾಪಾರಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ರೂಢಿಯ ವ್ಯಾಪಾರ ಪಾಠವನ್ನೂ ಇನ್ನೊಂದಕ್ಕೆ ಸ್ವಯಂ ಉಪಕ್ರಮದ ತರಬೇತಿಯನ್ನೂ ನೀಡಿ, ಮೂರನೆಯದನ್ನು ಹೋಲಿಕೆಗೆ ಬಿಡಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸ್ವಯಂ ಉಪಕ್ರಮದ ತರಬೇತಿ ಪಡೆದವರ ಲಾಭ ಶೇ. 30ರಷ್ಟು ಏರಿತು. ರೂಢಿಯ ಪಾಠ ಪಡೆದವರಲ್ಲಿ ಕಂಡ ಏರಿಕೆ ಶೇ. 11, ಅದು ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಏನನ್ನು ಕಲಿಸಲಾಗುತ್ತದೆ ಎಂಬುದರಷ್ಟೇ ಹೇಗೆ ಕಲಿಸಲಾಗುತ್ತದೆ ಎಂಬುದೂ ಮುಖ್ಯವೆಂದು ಇದರಿಂದ ವಿದಿತವಾಗುತ್ತದೆ.

ಹತ್ತಿರದ ಅನುಭವಗಳು

ದೂರದ ದೇಶಗಳ ಮಾತು ಹಾಗಿರಲಿ, ಕರ್ನಾಟಕದಲ್ಲೇ ಅನುಸರಣೀಯ ಮಾದರಿಗಳಿವೆ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಕರಿಗೆ ಉಚಿತ ವಸತಿಯೊಂದಿಗೆ ಅಲ್ಪಾವಧಿ ತರಬೇತಿ ನೀಡುತ್ತ ಬಂದಿದೆ. ಅದರ ವೈಶಿಷ್ಟ್ಯ ತರಬೇತಿಯ ನಂತರದ ಅವಧಿಯಲ್ಲಿದೆ. ತರಬೇತಿ ಪಡೆದವರನ್ನು ಎರಡು ವರ್ಷಗಳ ಕಾಲ ಬೆನ್ನು ಹತ್ತಿ ವಿಚಾರಿಸಿ, ಎಷ್ಟು ಜನ ಸ್ವಂತ ಉದ್ಯೋಗದಲ್ಲಿ ನೆಲೆ ನಿಂತರು ಎಂಬುದನ್ನು ದಾಖಲಿಸುವ ಪದ್ಧತಿ ಅದು. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಈ ಮಾದರಿಯಲ್ಲೇ ಜಿಲ್ಲೆಗೊಂದು ಸಂಸ್ಥೆ ತೆರೆಯುವ ಯೋಜನೆಯನ್ನು ಕೈಗೊಂಡಿತು. ಹತ್ತನೆಯ ತರಗತಿ ಓದಿದವರಿಗಾಗಿ ಇಷ್ಟು ಶ್ರಮ ವಹಿಸುವುದು ಸಾಧ್ಯವಾದರೆ, ಪದವೀಧರರ ವಿಷಯದಲ್ಲಿ ಅದು ಏಕೆ ಸಾಧ್ಯವಾಗಬಾರದು?

ಕೃಷಿ ವಿಶ್ವವಿದ್ಯಾಲಯಗಳಲ್ಲಿ ಇನ್ನೊಂದು ಮಾದರಿಯಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2015ರಲ್ಲಿ ಘೋಷಿಸಿದ ಸ್ಟೂಡೆಂಟ್ ರೆಡಿ ಕಾರ್ಯಕ್ರಮದಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ರೈತರೊಂದಿಗೆ ಇದ್ದು ಕಲಿಯುವುದೂ, ಉತ್ಪಾದನಾ ಘಟಕವನ್ನು ತಾವೇ ನಡೆಸಿ ಅನುಭವ ಪಡೆಯುವುದೂ ಪಠ್ಯದ ಭಾಗವಾಯಿತು. ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ. ಹುಬ್ಬಳ್ಳಿಯ ದೇಶಪಾಂಡೆ ಪ್ರತಿಷ್ಠಾನವು 2008ರಿಂದ ನಡೆಸಿಕೊಂಡು ಬಂದ ಲೀಡ್ ಕಾರ್ಯಕ್ರಮದಲ್ಲಿ ಕಾಲೇಜು ವಿದ್ಯಾರ್ಥಿಗಳು ತಾವೇ ಆರಿಸಿಕೊಂಡ ಸಮಸ್ಯೆಯೊಂದಕ್ಕೆ ಪರಿಹಾರ ಕಾರ್ಯಗತಗೊಳಿಸಿ ತೋರಿಸಬೇಕಾಗಿತ್ತು.

ವಿದ್ಯೆ ಮತ್ತು ಉದ್ಯಮಗಳ ಕೂಡುವಿಕೆಗೆ ಸವದತ್ತಿ ತಾಲ್ಲೂಕಿನ ಮುನವಳ್ಳಿಯೇ ಒಂದು ನಿದರ್ಶನ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿ, ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಪದವಿ ಪಡೆದ ನರೇಂದ್ರ ಮುರಕುಂಬಿ ಹಾಗೂ ಅವರ ತಾಯಿ ವಿದ್ಯಾ ಮುರಕುಂಬಿಯವರು 1990ರ ದಶಕದ ಕೊನೆಯಲ್ಲಿ ಆಂಧ್ರದ ಹಿಂದೂಪುರದ ಹಳೆಯ ಸಕ್ಕರೆ ಕಾರ್ಖಾನೆಯ ಯಂತ್ರಗಳನ್ನು ಕೊಂಡು ಮುನವಳ್ಳಿಗೆ ತಂದು ಶ್ರೀ ರೇಣುಕಾ ಶುಗರ್ಸ್ ಕಾರ್ಖಾನೆಯನ್ನು ನಿಲ್ಲಿಸಿದರು. ಕಂಪನಿ 2005ರಲ್ಲಿ ಷೇರು ಪೇಟೆಗೆ ಬಂದಿತು. 2010ರಲ್ಲಿ ಬ್ರೆಜಿಲ್‌ನ ಕಾರ್ಖಾನೆಗಳನ್ನು ಕೊಂಡಿತು. ಅನಂತರ ಸಾಲದ ಹೊರೆ ಏರಿ, 2018ರಲ್ಲಿ ಸಿಂಗಪುರದ ವಿಲ್ಮಾರ್ ಸಂಸ್ಥೆಯ ನಿಯಂತ್ರಣಕ್ಕೆ ಒಳಪಟ್ಟಿತು. ಈ ಕಥೆಯ ಮೊದಲ ಅರ್ಧವನ್ನು ಮಾತ್ರ ಹೇಳಿದರೆ ಅದು ಸ್ಫೂರ್ತಿಯ ಉಪನ್ಯಾಸವಾಗುತ್ತದೆ. ಎರಡನೆಯ ಅರ್ಧವನ್ನೂ ಸೇರಿಸಿ, ಯಾವ ಹಂತದಲ್ಲಿ ಸಾಲ ಬಲವಾಗಿತ್ತು, ಯಾವ ಹಂತದಲ್ಲಿ ಭಾರವಾಯಿತು ಎಂದು ವಿಶ್ಲೇಷಿಸಿದರೆ ಅದು ಪಾಠವಾಗುತ್ತದೆ. ತಮ್ಮ ಮನೆಯ ಹತ್ತಿರದಲ್ಲೇ ಇರುವ ಇಂಥ ಪಾಠವನ್ನು ಬಿಟ್ಟು ದೂರದ ಕಂಪನಿಗಳ ಯಶೋಗಾಥೆಯನ್ನೇ ಓದಿಸುವುದರಲ್ಲಿ ಅರ್ಥವಿಲ್ಲ.

ಒಂದು ಮಾದರಿ ಪಾಠ: ಬೆಲ್ಲದ ಲೆಕ್ಕ

ಪಠ್ಯವು ಸ್ಥಳೀಯ ಸರಕಿನಿಂದ ಹೊರಟರೆ ಎಷ್ಟು ಆಳಕ್ಕೆ ಹೋಗಬಹುದೆಂಬುದಕ್ಕೆ ಬೆಲ್ಲವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2020ರಲ್ಲಿ ಕೇಂದ್ರವು ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಜಿಲ್ಲೆಗೊಂದು ಉತ್ಪನ್ನವನ್ನು ಆರಿಸುವಾಗ ಬೆಳಗಾವಿ ಜಿಲ್ಲೆಗೆ ಬಂದದ್ದು ಬೆಲ್ಲ. ಈ ಕೆಳಗಿನ ಅಂಕಿಗಳು ಪಾಠಕ್ಕಾಗಿ ಊಹಿಸಿದವು. ಪೇಟೆ ಧಾರಣೆಯಂತೆ ಬದಲಿಸಿಕೊಳ್ಳಬೇಕು.

ವಿದ್ಯಾರ್ಥಿಗಳ ತಂಡವೊಂದು ಆಲೆಮನೆಯಿಂದ ಬೆಲ್ಲ ಕೊಂಡು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಕಿರಾಣಿ ಅಂಗಡಿಗಳಿಗೆ ಮಾರುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಕಿಲೋ ಬೆಲ್ಲದ ಖರೀದಿ 45 ರೂಪಾಯಿ, ಪುಡಿ ಮತ್ತು ಪೊಟ್ಟಣದ ಖರ್ಚು 9 ರೂಪಾಯಿ, ಸಾಗಣೆ ಮತ್ತು ಇತರ ಖರ್ಚು 6 ರೂಪಾಯಿ, ಒಟ್ಟು 60 ರೂಪಾಯಿ. ಅಂಗಡಿಗೆ ಮಾರುವ ದರ 72 ರೂಪಾಯಿ. ಅಂದರೆ ಕಿಲೋ ಒಂದಕ್ಕೆ 12 ರೂಪಾಯಿ ಉಳಿಯುತ್ತದೆ. ಬಾಡಿಗೆ, ವಿದ್ಯುತ್ತು, ಒಬ್ಬ ಕೆಲಸಗಾರರ ಪಗಾರ ಸೇರಿ ತಿಂಗಳ ಸ್ಥಿರ ವೆಚ್ಚ 18,000 ರೂಪಾಯಿ. ಆದ್ದರಿಂದ ತಿಂಗಳಿಗೆ 1,500 ಕಿಲೋ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 2,000 ಕಿಲೋ ಮಾರಿದರೆ 6,000 ರೂಪಾಯಿ ಲಾಭ. ಪಠ್ಯಪುಸ್ತಕದ ಪಾಠ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ.

ಪೇಟೆಯ ಪಾಠ ಇಲ್ಲಿಂದ ಆರಂಭವಾಗುತ್ತದೆ. ಆಲೆಮನೆಗೆ ರೊಕ್ಕ ಕೈಯಲ್ಲೇ ಕೊಡಬೇಕು. ಅಂಗಡಿಯವರು ಕೊಡುವುದು 45 ದಿನಗಳ ನಂತರ. ತಿಂಗಳ ಒಟ್ಟು ಹೊರಹೋಗುವ ಹಣ 1,38,000 ರೂಪಾಯಿ. ಮೊದಲ ವಸೂಲಿ ಕೈ ಸೇರುವ ಹೊತ್ತಿಗೆ ತಂಡವು 2,07,000 ರೂಪಾಯಿ ಸುರಿದಿರುತ್ತದೆ. ಯೋಜನಾ ವರದಿಯಲ್ಲಿ ಒಂದು ತಿಂಗಳ ದುಡಿಯುವ ಬಂಡವಾಳವನ್ನಷ್ಟೇ ತೋರಿಸಿದ್ದರೆ 69,000 ರೂಪಾಯಿ ಕೊರತೆ ಬಿದ್ದು ಕೆಲಸ ನಿಲ್ಲುತ್ತದೆ. ಕಾಗದದ ಮೇಲೆ ಲಾಭದಲ್ಲಿರುವ ಘಟಕ ಕೈಯಲ್ಲಿ ರೊಕ್ಕವಿಲ್ಲದೆ ಮುಚ್ಚುವ ಬಗೆ ಇದು. ಒಬ್ಬ ಗಿರಾಕಿ 10,000 ರೂಪಾಯಿ ಮುಳುಗಿಸಿದರಂತೂ ಒಂದೂವರೆ ತಿಂಗಳಿಗೂ ಹೆಚ್ಚಿನ ಲಾಭ ಹೋದಂತೆ. ಅದೇ ತಂಡ ಕಿಲೋಗೆ ಒಂದು ರೂಪಾಯಿ ಕಡಿಮೆ ಮಾಡಿ 15 ದಿನಗಳಲ್ಲಿ ಹಣ ಪಡೆಯುವ ಕರಾರು ಮಾಡಿಕೊಂಡರೆ ಲಾಭ 4,000 ರೂಪಾಯಿಗೆ ಇಳಿದರೂ, ತೊಡಗಿಸಬೇಕಾದ ಹಣ ಸುಮಾರು 69,000 ರೂಪಾಯಿಗೆ ಇಳಿಯುತ್ತದೆ. ಯಾವುದು ಮೇಲು? ಇದಕ್ಕೆ ಉತ್ತರ ಹುಡುಕುವುದೇ ಉದ್ಯಮಶೀಲತೆಯ ಅಭ್ಯಾಸ.

ಇದೇ ಪಾಠದಲ್ಲಿ ಕಾನೂನಿನ ತಿಳಿವಳಿಕೆಯೂ ಸೇರುತ್ತದೆ. 2022ರ ಜುಲೈ 18ರಂದು ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ಶೇ. 5ರ ಜಿಎಸ್‌ಟಿ ಜಾರಿಗೆ ಬಂದಾಗ ಬಿಡಿ ಬೆಲ್ಲ ಅದರಿಂದ ಹೊರಗುಳಿಯಿತು. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉತ್ಪಾದಕರಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಿಸಬೇಕು. ಈ ಹಕ್ಕು ಕಾಗದದಲ್ಲಿದ್ದರೂ ಪರಿಚಯದ ಅಂಗಡಿಕಾರರ ಮುಂದೆ ಅದನ್ನು ಹೇಗೆ ಕೇಳಬೇಕೆಂಬುದು ಪೇಟೆಯಲ್ಲಿ ಮಾತ್ರ ಕಲಿಯಲು ಸಾಧ್ಯ. ಇದೇ ರೀತಿ ರಾಮದುರ್ಗದ ಸೀರೆಯಲ್ಲಿ ನೂಲಿನ ದರ, ಮಜೂರಿ ಮತ್ತು ಮಾರಾಟಗಾರರ ಪಾಲಿನ ಲೆಕ್ಕವನ್ನೂ, ಯಲ್ಲಮ್ಮನ ಜಾತ್ರೆಯಲ್ಲಿ ಎಷ್ಟು ಸರಕು ತುಂಬಿಡಬೇಕೆಂಬ ಅಂದಾಜನ್ನೂ, ಬೈಲಹೊಂಗಲದ ಹತ್ತಿಯಲ್ಲಿ ಧಾರಣೆಯ ಏರಿಳಿತವನ್ನೂ ಪಾಠವಾಗಿಸಬಹುದು.

ಮೌಲ್ಯಮಾಪನದ ನಾಲ್ಕು ಮೆಟ್ಟಿಲು

ಮೇಲಿನ ವಿವೇಚನೆಯ ಆಧಾರದ ಮೇಲೆ ಕಾಲೇಜುಗಳ ಉದ್ಯಮಶೀಲತಾ ಶಿಕ್ಷಣವನ್ನು ನಾಲ್ಕು ಮೆಟ್ಟಿಲುಗಳಲ್ಲಿ ಅಳೆಯುವುದು ಯುಕ್ತ.

1. ತಿಳಿವಳಿಕೆ: ವಿದ್ಯಾರ್ಥಿಯು ವೆಚ್ಚ, ದರ, ದುಡಿಯುವ ಬಂಡವಾಳ ಮತ್ತು ತೆರಿಗೆಯ ಲೆಕ್ಕವನ್ನು ನಿಜವಾದ ಸರಕಿನ ಮೇಲೆ ಮಾಡಬಲ್ಲನೇ?

2. ನಡವಳಿಕೆ: ಪದವಿ ಮುಗಿಯುವ ಮುನ್ನ ಆತನು ಅಥವಾ ಆಕೆಯು ಅಪರಿಚಿತ ಗಿರಾಕಿಗೆ ಏನನ್ನಾದರೂ ಮಾರಿ, ಹಣ ವಸೂಲು ಮಾಡಿ, ಲೆಕ್ಕ ಒಪ್ಪಿಸಿದ ದಾಖಲೆಯಿದೆಯೇ?

3. ನೆಲೆ: ಪದವಿಯ ಎರಡು ವರ್ಷಗಳ ನಂತರ ಹೊಸ ಉದ್ಯಮ ನಡೆಯುತ್ತಿದೆಯೇ, ಅಥವಾ ಮನೆತನದ ವ್ಯಾಪಾರದಲ್ಲಿ ಹೊಸ ಸರಕು, ಹೊಸ ಪೇಟೆ, ಹೊಸ ಲೆಕ್ಕಪದ್ಧತಿ ಬಂದಿದೆಯೇ?

4. ಹೋಲಿಕೆ: ಈ ಪಾಠ ಪಡೆಯದ ಅದೇ ವರ್ಷದ ವಿದ್ಯಾರ್ಥಿಗಳಿಗಿಂತ ಪಡೆದವರ ಸ್ಥಿತಿ ಬೇರೆಯಾಗಿದೆಯೇ?

ಮೂರನೆಯ ಮೆಟ್ಟಿಲಿನಲ್ಲಿ ಮನೆತನದ ವ್ಯಾಪಾರವನ್ನು ಸೇರಿಸಿದ್ದು ಉದ್ದೇಶಪೂರ್ವಕ. ಅಪ್ಪನ ಅಡತಿ ಅಂಗಡಿಯ ಲೆಕ್ಕವನ್ನು ಗಣಕಯಂತ್ರಕ್ಕೆ ಏರಿಸಿದ ಮಗಳೂ, ತಾಯಿಯ ರೊಟ್ಟಿ ಮಾರಾಟವನ್ನು ಹುಬ್ಬಳ್ಳಿಯ ಅಂಗಡಿಗಳಿಗೆ ಮುಟ್ಟಿಸಿದ ಮಗನೂ ಉದ್ಯಮಶೀಲರೇ. ಹೊಸ ಕಂಪನಿಗಳನ್ನು ಮಾತ್ರ ಎಣಿಸುವ ಪದ್ಧತಿಯಲ್ಲಿ ಇವರು ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕನೆಯ ಮೆಟ್ಟಿಲು ಕಠಿಣವೆನಿಸಬಹುದು. ಆದರೆ ಇರುವ ಸ್ಥಾನಗಳಿಗಿಂತ ಅರ್ಜಿಗಳು ಹೆಚ್ಚು ಬಂದಾಗ ಚೀಟಿ ಎತ್ತಿ ಆಯ್ಕೆ ಮಾಡಿದರೆ, ಆಯ್ಕೆಯಾಗದವರೇ ಹೋಲಿಕೆಯ ಗುಂಪಾಗುತ್ತಾರೆ. ಅನ್ಯಾಯವೂ ಇಲ್ಲ, ಖರ್ಚೂ ಇಲ್ಲ.

ವರ್ತಕರ ಪಾಲಿನ ಹೊಣೆ

ಈ ನಾಲ್ಕರಲ್ಲಿ ಮೊದಲನೆಯದನ್ನು ಕಾಲೇಜು ತಾನೇ ಅಳೆಯಬಲ್ಲದು. ಉಳಿದ ಮೂರನ್ನು ವರ್ತಕರ ನೆರವಿಲ್ಲದೆ ಅಳೆಯುವುದು ಅಸಾಧ್ಯ. ಈ ಹಿನ್ನೆಲೆಯಲ್ಲಿ ಕೆಲವು ಕಾರ್ಯಸಾಧ್ಯ ಸಲಹೆಗಳನ್ನು ಪರಿಶೀಲಿಸಬಹುದು.

ಪ್ರತಿ ತಾಲ್ಲೂಕಿನಲ್ಲಿ ಹತ್ತಾರು ವರ್ತಕರು ಮತ್ತು ಸಣ್ಣ ಉತ್ಪಾದಕರು ವರ್ಷಕ್ಕೆ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಮೂವತ್ತು ದಿನ ತಮ್ಮ ಅಂಗಡಿ ಅಥವಾ ಘಟಕದಲ್ಲಿ ಇರಿಸಿಕೊಳ್ಳಬಹುದು. ಹತ್ತು ದಿನ ಖರೀದಿ, ಹತ್ತು ದಿನ ಉತ್ಪಾದನೆ ಅಥವಾ ಗುದಾಮು, ಹತ್ತು ದಿನ ಮಾರಾಟ ಮತ್ತು ವಸೂಲಿ ಎಂಬ ಕ್ರಮವಿದ್ದರೆ ಸಾಕು. ವಿದ್ಯಾರ್ಥಿಯನ್ನು ಚಹಾ ತರಲು ಕಳಿಸುವ ಆಳೆಂದು ತಿಳಿಯದೆ ನಾಳೆಯ ವರ್ತಕನೆಂದು ಕಾಣುವುದು ಇಲ್ಲಿ ಮುಖ್ಯ. ಪದವಿಯ ನಂತರದ ದೀರ್ಘ ತರಬೇತಿಗೆ 1961ರ ಅಪ್ರೆಂಟಿಸ್ ಕಾಯ್ದೆಯ ಅವಕಾಶವಿದೆ. 2019ರ ನಿಯಮ ತಿದ್ದುಪಡಿಯ ನಂತರ ನಾಲ್ಕು ಕೆಲಸಗಾರರಿರುವ ಸಣ್ಣ ಘಟಕವೂ ಸ್ವಇಚ್ಛೆಯಿಂದ ಅಪ್ರೆಂಟಿಸರನ್ನು ತೆಗೆದುಕೊಳ್ಳಬಹುದು. ಪದವೀಧರ ಅಪ್ರೆಂಟಿಸರಿಗೆ ನಿಗದಿಯಾದ ಕನಿಷ್ಠ ಶಿಷ್ಯವೇತನದಲ್ಲಿ ಅರ್ಧದಷ್ಟನ್ನು ಕೇಂದ್ರ ಸರಕಾರ ಭರಿಸುವ ಏರ್ಪಾಡೂ ಇದೆ.

ಮೌಖಿಕ ಪರೀಕ್ಷೆಗೆ ಅಧ್ಯಾಪಕರ ಜೊತೆಗೆ ಒಬ್ಬ ಅನುಭವಿ ವರ್ತಕರು ಕುಳಿತರೆ ಯೋಜನಾ ವರದಿಗಳ ನಕಲು ತಾನಾಗಿಯೇ ನಿಲ್ಲುತ್ತದೆ. ಬೀಜಧನವಾಗಿ ತಂಡಕ್ಕೆ ಐದು ಸಾವಿರ ರೂಪಾಯಿಗಳಷ್ಟು ಸಣ್ಣ ಮೊತ್ತವನ್ನು ಮರುಪಾವತಿಯ ಕರಾರಿನ ಮೇಲೆ ಕೊಡುವುದು ಒಳಿತು. ಮೊತ್ತ ಸಣ್ಣದಾದ್ದರಿಂದ ಸೋತರೂ ಮನೆ ಮುಳುಗುವುದಿಲ್ಲ. ಮರಳಿಸಬೇಕಾದ್ದರಿಂದ ಹಗುರಾಗಿ ತೆಗೆದುಕೊಳ್ಳುವುದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ವಾಣಿಜ್ಯೋದ್ಯಮ ಸಂಸ್ಥೆಗಳು ಎರಡು ವರ್ಷಗಳ ಒಂದು ದಾಖಲೆ ಪುಸ್ತಕವನ್ನು ಇಡಬೇಕು. ಪ್ರತಿ ಆರು ತಿಂಗಳಿಗೊಮ್ಮೆ ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿ ನಡೆಯುತ್ತಿರುವುದನ್ನೂ ನಿಂತಿರುವುದನ್ನೂ, ನಿಂತಿದ್ದರೆ ಕಾರಣವನ್ನೂ ಬರೆದಿಡಬೇಕು. ಹೆಸರುಗಳನ್ನು ಗೌಪ್ಯವಾಗಿಟ್ಟು, ಸೋಲಿನ ಕಾರಣಗಳನ್ನು ಮಾತ್ರ ಮುಂದಿನ ತರಗತಿಗೆ ಪಾಠವಾಗಿ ಕೊಡಬಹುದು.

ಆಕ್ಷೇಪಗಳು

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಸರಕಾರಿ ಕಾಲೇಜುಗಳಲ್ಲಿ ಅಧ್ಯಾಪಕರ ಮೇಲೆ ಈಗಾಗಲೇ ಕಾರ್ಯಭಾರ ಹೆಚ್ಚಿದೆ ಎಂಬುದು ಸತ್ಯ. ಆದ್ದರಿಂದಲೇ ಬೆನ್ನುಹತ್ತಿ ವಿಚಾರಿಸುವ ಕೆಲಸವನ್ನು ಅವರ ಹೆಗಲಿಗೆ ಹಾಕಬಾರದು. ವಿದ್ಯಾರ್ಥಿನಿಯರು ಸಂಜೆಯ ತನಕ ಪೇಟೆಯಲ್ಲಿರಲು ಮನೆಯವರು ಒಪ್ಪಲಾರರು ಎಂಬುದೂ ನಿಜ. ಅವರಿಗೆ ಹಗಲಿನ ವೇಳೆ, ಇಬ್ಬಿಬ್ಬರಾಗಿ, ಮಹಿಳೆಯರು ನಡೆಸುವ ಅಂಗಡಿ ಹಾಗೂ ಘಟಕಗಳಲ್ಲಿ ಅವಕಾಶ ಕಲ್ಪಿಸುವುದು ವರ್ತಕರ ಕೈಯಲ್ಲೇ ಇದೆ.

ಪೇಟೆಯಲ್ಲಿ ಮೆಲ್ಲಗೆ ಕೇಳಿಬರುವ ಇನ್ನೊಂದು ಆಕ್ಷೇಪವಿದೆ. ವ್ಯಾಪಾರದ ಗುಟ್ಟನ್ನು ಹೊರಗಿನವರಿಗೆ ಕಲಿಸಿದರೆ ನಾಳೆ ಎದುರು ಅಂಗಡಿ ತೆರೆಯುತ್ತಾರಲ್ಲವೇ ಎಂಬುದೇ ಆ ಆಕ್ಷೇಪ. ಅಳುಕು ಸಹಜ. ಆದರೆ ಇಂದು ಬೈಲಹೊಂಗಲದ ಅಂಗಡಿಗೆ ಎದುರಾಳಿ ಎದುರು ಓಣಿಯಲ್ಲಿಲ್ಲ. ಮೊಬೈಲಿನಲ್ಲಿ ಆರ್ಡರ್ ಪಡೆದು ಮನೆ ಬಾಗಿಲಿಗೆ ಸರಕು ಮುಟ್ಟಿಸುವ ದೂರದ ಕಂಪನಿಗಳಲ್ಲಿದ್ದಾನೆ. ಅವುಗಳೊಂದಿಗೆ ಸರಿಸಾಟಿಯಾಗಿ ನಿಲ್ಲಲು ಈ ಪೇಟೆಗಳಿಗೆ ಓದಿದ ಹೊಸ ತಲೆಗಳು ಬೇಕು. ಅವು ಊರು ಬಿಟ್ಟು ಹೋದ ಮೇಲೆ ಉಳಿಯುವ ಗುಟ್ಟಿನಿಂದ ಅಂಗಡಿ ನಡೆಯಲಾರದು.

ಉಪಸಂಹಾರ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆ ಕನ್ನಡಿಗರಿಗೆಲ್ಲ ತಿಳಿದದ್ದು. ಕೋಶವನ್ನು ಓದಿಸುವ ಕೆಲಸವನ್ನು ಕಾಲೇಜುಗಳು ಮಾಡುತ್ತಿವೆ. ಪೇಟೆಯೆಂಬ ದೇಶವನ್ನು ಸುತ್ತಿಸುವ ಕೆಲಸವನ್ನು ವರ್ತಕರೇ ಮಾಡಬೇಕು. ಶಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬಿಟ್ಟು ಹೋದ ನಾಡಿದು. ಇಂದು ವರ್ತಕ ಬಾಂಧವರಿಂದ ಈ ನಾಡಿನ ಮಕ್ಕಳಿಗೆ ಬೇಕಾಗಿರುವುದು ವರ್ಷಕ್ಕೆ ಮೂವತ್ತು ದಿನ ಮತ್ತು ತೆರೆದಿಟ್ಟ ಒಂದು ಕಿರ್ದಿ ಪುಸ್ತಕ.

ಮನನಕ್ಕೆ ಕೆಲವು ಪ್ರಶ್ನೆಗಳು

1. ಕಳೆದ ಐದು ವರ್ಷಗಳಲ್ಲಿ ತಮ್ಮ ಅಂಗಡಿ ಅಥವಾ ಘಟಕದಲ್ಲಿ ಎಷ್ಟು ಜನ ಪದವೀಧರರು ಕೆಲಸ ಕಲಿತರು? ಅವರಲ್ಲಿ ಸ್ವಂತ ವ್ಯವಹಾರ ತೊಡಗಿದವರು ಎಷ್ಟು?

2. ತಮ್ಮ ಮುಖ್ಯ ಸರಕಿನ ವೆಚ್ಚ, ಉದ್ರಿಯ ಅವಧಿ ಮತ್ತು ದುಡಿಯುವ ಬಂಡವಾಳದ ಲೆಕ್ಕವನ್ನು ಒಂದು ಗಂಟೆಯಲ್ಲಿ ವಿದ್ಯಾರ್ಥಿಗಳಿಗೆ ವಿವರಿಸಲು ಸಾಧ್ಯವೇ?

3. ಸೋತ ಒಂದು ವ್ಯವಹಾರದ ನಿಜವಾದ ಕಾರಣವನ್ನು ತರಗತಿಯ ಮುಂದೆ ಹೇಳಲು ಎಷ್ಟು ಜನ ವರ್ತಕರು ಸಿದ್ಧರಿದ್ದಾರೆ?